ಕೂನೂರಿನ ಕನ್ನಡಿಗ ಇಲಿಗಳು

1920ರ ದಶಕದಲ್ಲಿ ನೀಲಗಿರಿಯ ಕೂನೂರಿನ ಪ್ರಯೋಗಶಾಲೆಯೊಂದರಲ್ಲಿ ಕೆಲವು ಇಲಿಗಳಿಗೆ ‘ಕನ್ನಡಿಗರು’ ಎಂಬ ಹಣೆಪಟ್ಟಿ ಇತ್ತು. ಪಕ್ಕದ ಪಂಜರಗಳಲ್ಲಿ ಸಿಖ್ಖರು, ಪಠಾಣರು, ಮರಾಠರು, ಗೂರ್ಖರು, ಬಂಗಾಳಿಗಳು, ಮದರಾಸಿಗಳು ಇದ್ದರು. ಎಲ್ಲವೂ ಒಂದೇ ಬಳಗದ, ಒಂದೇ ವಯಸ್ಸಿನ ಎಳೆಯ ಇಲಿಗಳು. ಬೇರೆಯಾಗಿದ್ದದ್ದು ಊಟ ಮಾತ್ರ. ಆಯಾ ಜನ ಏನು ಉಣ್ಣುತ್ತಾರೋ ಅದನ್ನೇ ಆಯಾ ಪಂಜರಕ್ಕೆ ಹಾಕಿದರು. ಕೆಲವು ವಾರಗಳ ನಂತರ ತೂಕ ಮಾಡಿದಾಗ ಸಿಖ್ ಇಲಿ ಸರಾಸರಿ 235 ಗ್ರಾಂ ಬಂತು, ಮದರಾಸಿ ಇಲಿ 155 ಗ್ರಾಂ. ನಮ್ಮವನು 185 ಗ್ರಾಂ. ಏಳು ಜನರಲ್ಲಿ ಐದನೆಯ ಸ್ಥಾನ. ಗೂರ್ಖನಿಗಿಂತ ಕೆಳಗೆ, ಬಂಗಾಳಿಗಿಂತ ಒಂದಿಷ್ಟೇ ಮೇಲೆ.

ಈ ಪಟ್ಟಿಯನ್ನು ಮೊದಲ ಸಲ ಓದಿದಾಗ ನಗು ಬಂತು. ಆಮೇಲೆ ಒಂದು ತಕರಾರು ಎದ್ದಿತು. ಯಾವ ಕನ್ನಡಿಗ? ನಮ್ಮ ರಾಯಚೂರು ಕಡೆಯ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿಯವನೋ? ಮಂಡ್ಯದ ಮುದ್ದೆ, ಉಪ್ಸಾರಿನವನೋ? ಮಂಗಳೂರಿನ ಕುಚ್ಚಲಕ್ಕಿ ಗಂಜಿ, ಮೀನಿನವನೋ? ಮೂವರ ತಟ್ಟೆಯನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಬರುವ ಊಟವನ್ನು ಕರ್ನಾಟಕದ ಯಾವ ಮನೆಯಲ್ಲೂ ಬಡಿಸುವುದಿಲ್ಲ. ಪಂಜರದ ಒಳಗೂ ಅಷ್ಟೆ. ಒಂದು ಇಲಿ 185ಕ್ಕಿಂತ ಹೆಚ್ಚು, ಇನ್ನೊಂದು ಕಡಿಮೆ ತೂಗಿರಲೇಬೇಕು. ಒಂದು ಸದಾ ಓಡಾಡಿಕೊಂಡಿದ್ದಿರಬೇಕು, ಇನ್ನೊಂದು ಮೂಲೆ ಹಿಡಿದು ಕೂತಿರಬೇಕು. ಪಟ್ಟಿಯಲ್ಲಿ ಅವುಗಳ ಸುದ್ದಿ ಇಲ್ಲ.

ಒಂದೇ ಪಂಜರದ ಎರಡು ಇಲಿಗಳು ಯಾಕೆ ಬೇರೆ ಬೇರೆ ಎಂಬ ಪ್ರಶ್ನೆ ಶರೀರವಿಜ್ಞಾನದಲ್ಲಿ ಗಂಭೀರ ಪ್ರಶ್ನೆಯಾಗಲು ಆಮೇಲೆ ಅರವತ್ತು ವರ್ಷ ಹಿಡಿಯಿತು. ಅದಕ್ಕೆ ಉತ್ತರ ಹುಡುಕಿಕೊಟ್ಟದ್ದು ಬಹುಮಟ್ಟಿಗೆ ಓಡುವ ಇಲಿಗಳು. ಆ ಅರವತ್ತು ವರ್ಷದ ಕಥೆಯನ್ನು, ಅದರ ಆಚೆಗಿನ ಸ್ವಲ್ಪವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಆಸಕ್ತಿ ಹುಟ್ಟಲು ನೆರೆಹೊರೆಯೂ ಒಂದು ಕಾರಣ. ಕೂನೂರಿನ ಆ ಪ್ರಯೋಗಶಾಲೆ 1958ರಲ್ಲಿ ಹೈದರಾಬಾದಿಗೆ ಬಂತು. 1969ರಿಂದ ಅದರ ಹೆಸರು ರಾಷ್ಟ್ರೀಯ ಪೋಷಣಾ ಸಂಸ್ಥೆ, ಎಲ್ಲರ ಬಾಯಲ್ಲಿ ಎನ್‌ಐಎನ್. ನಾಚಾರಂನ ನಮ್ಮ ಮನೆಯಿಂದ ಹಬ್ಸಿಗುಡ ದಾಟಿದರೆ ತಾರ್ನಾಕ, ಅಲ್ಲೇ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಕ್ಕದಲ್ಲಿದೆ. ಹೈಟೆಕ್ ಸಿಟಿಗೆ ಹೋಗುವ ನಮ್ಮಂಥವರು ದಿನಾ ಮೆಟ್ರೋದಲ್ಲಿ ಅದರ ಹತ್ತಿರದಿಂದಲೇ ಹಾದು ಹೋಗುತ್ತೇವೆ.

ಕೂನೂರಿನಲ್ಲಿ ಇಲಿ ಸಾಕಿದವರು ರಾಬರ್ಟ್ ಮೆಕ್‌ಕ್ಯಾರಿಸನ್. ಐರ್ಲೆಂಡಿನವರು, ಇಂಡಿಯನ್ ಮೆಡಿಕಲ್ ಸರ್ವಿಸ್‌ನ ವೈದ್ಯರು. ಚಿಕ್ಕ ವಯಸ್ಸಿನಲ್ಲಿ ಗಿಲ್ಗಿಟ್‌ನಲ್ಲಿ ಕೆಲಸ ಮಾಡುವಾಗ ಹುಂಜಾ ಕಣಿವೆಯ ಜನರ ಗಟ್ಟಿಮುಟ್ಟು ಮೈ ನೋಡಿ ಬೆರಗಾಗಿದ್ದರು. 1918ರಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಕೂನೂರಿನ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಅವರ ಕೆಲಸ ಶುರುವಾಯಿತು. ಹತ್ತು ವರ್ಷದಲ್ಲಿ ಅದೇ ಬೆಳೆದು ಪೋಷಣಾ ಸಂಶೋಧನಾ ಪ್ರಯೋಗಶಾಲೆಯಾಯಿತು.

ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ‘ಯೋಧ ಜನಾಂಗ’ ಎಂಬ ನಂಬಿಕೆ ಬಲವಾಗಿತ್ತು. ವಾಯವ್ಯದವರು ಹುಟ್ಟಾ ಯೋಧರು, ದಕ್ಷಿಣದವರು ಮತ್ತು ಬಂಗಾಳಿಗಳು ಲಾಯಕ್ಕಿಲ್ಲ, ಅದು ರಕ್ತದಲ್ಲೇ ಬಂದದ್ದು ಎಂದು ವಾದ. ಮೆಕ್‌ಕ್ಯಾರಿಸನ್‌ರ ಇಲಿಗಳು ಈ ವಾದಕ್ಕೆ ಸರಿಯಾದ ಪೆಟ್ಟು ಕೊಟ್ಟವು. ಇಲಿಗಳ ರಕ್ತ ಒಂದೇ, ಊಟ ಮಾತ್ರ ಬೇರೆ. ಆದರೂ ಮೈಕಟ್ಟು ಅದೇ ಕ್ರಮದಲ್ಲಿ ಇಳಿಯುತ್ತಾ ಹೋಯಿತು. ಇಡೀ ಗೋಧಿಯ ಚಪಾತಿ, ಹಾಲು, ಬೆಣ್ಣೆ, ಬೇಳೆ, ಹಸಿ ತರಕಾರಿ ತಿಂದ ಇಲಿ ದಪ್ಪಗೆ ಬೆಳೆಯಿತು. ತೊಳೆದ ಪಾಲಿಶ್ ಅಕ್ಕಿ, ಬೇಳೆ, ತರಕಾರಿ, ಸ್ವಲ್ಪ ಮಜ್ಜಿಗೆ, ಜೊತೆಗೆ ಕಾಫಿ ಕುಡಿದ ಮದರಾಸಿ ಇಲಿ ಸೊರಗಿತು.

ಇಂಗ್ಲೆಂಡಿನ ಬಡವರ ಊಟವನ್ನೂ ಅವರು ಬಿಡಲಿಲ್ಲ. ಬಿಳಿ ಬ್ರೆಡ್, ಮಾರ್ಗರೀನ್, ಸಕ್ಕರೆ ಹಾಕಿದ ಚಹಾ, ಬೇಯಿಸಿದ ತರಕಾರಿ, ಡಬ್ಬಿಯ ಮಾಂಸ, ಜಾಮ್. ಇದನ್ನು ತಿಂದ ಇಲಿಗಳು ಕುಳ್ಳಾದವು, ಸಿಡುಕಾದವು, ಆರೈಕೆ ಮಾಡುವವರನ್ನು ಕಚ್ಚಿದವು. ಅರವತ್ತನೆಯ ದಿನದ ಹೊತ್ತಿಗೆ ತಮ್ಮೊಳಗಿನ ಬಲಹೀನರನ್ನು ಕೊಂದು ತಿನ್ನತೊಡಗಿದವು. 1936ರಲ್ಲಿ ಲಂಡನ್ನಿನಲ್ಲಿ ಕ್ಯಾಂಟರ್ ಉಪನ್ಯಾಸ ಕೊಟ್ಟಾಗ ಮೆಕ್‌ಕ್ಯಾರಿಸನ್ ಈ ಕಥೆಗಳನ್ನೆಲ್ಲ ಅಲ್ಲಿನ ಜನರ ಮುಂದೆಯೇ ಇಟ್ಟರು.

ಇದು ದೊಡ್ಡ ಕೆಲಸ. ಹುಟ್ಟು ಎಂದು ತಿಳಿದದ್ದು ಊಟವಾಗಿತ್ತು ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಆದರೆ ಉತ್ತರ ಬದಲಾದರೂ ಪ್ರಶ್ನೆಯ ಆಕಾರ ಬದಲಾಗಲಿಲ್ಲ. ಅಳೆಯುವ ಘಟಕ ಜನಾಂಗವೇ ಆಗಿತ್ತು. ಸಿಖ್ ಒಂದು ಅಂಕಿ, ಕನ್ನಡಿಗ ಒಂದು ಅಂಕಿ. ಒಂದು ಗುಂಪಿನ ಒಳಗೆ ಒಂದು ಇಲಿಗೂ ಇನ್ನೊಂದಕ್ಕೂ ಇದ್ದ ಅಂತರ ಆ ಲೆಕ್ಕದಲ್ಲಿ ಕಸ. ಸರಾಸರಿ ತೆಗೆಯುವುದೇ ಆ ಕಸ ಗುಡಿಸಲಿಕ್ಕೆ.

ಅದೇ ದಶಕದಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಅಳತೆ ಹುಟ್ಟಿತು. ಈಗ ನಮ್ಮಲ್ಲಿ ಅನೇಕರು ಅದನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡುತ್ತೇವೆ. ಸ್ಮಾರ್ಟ್‌ವಾಚ್ ತೋರಿಸುವ ‘ವಿಓ2 ಮ್ಯಾಕ್ಸ್’ ಅದು. ಮ್ಯಾಂಚೆಸ್ಟರ್‌ನಲ್ಲಿ ಎ.ವಿ. ಹಿಲ್ ಎಂಬ ಶರೀರವಿಜ್ಞಾನಿ ಬೆನ್ನಿಗೆ ಚೀಲ ಕಟ್ಟಿಕೊಂಡು, ಬಿಟ್ಟ ಉಸಿರನ್ನೆಲ್ಲ ಅದರಲ್ಲಿ ಹಿಡಿದುಕೊಳ್ಳುತ್ತಾ ಹುಲ್ಲಿನ ಮೈದಾನದಲ್ಲಿ ತಾವೇ ಓಡಿದರು. ವೇಗ ಹೆಚ್ಚಿದಂತೆ ಮೈ ಬಳಸುವ ಆಮ್ಲಜನಕವೂ ಹೆಚ್ಚುತ್ತದೆ. ಒಂದು ಹಂತದ ನಂತರ ಎಷ್ಟು ಜೋರಾಗಿ ಓಡಿದರೂ ಅದು ಹೆಚ್ಚುವುದಿಲ್ಲ. ಹೃದಯ ನಿಮಿಷಕ್ಕೆ ಎಷ್ಟು ರಕ್ತ ದೂಡಬಲ್ಲದು, ರಕ್ತ ಎಷ್ಟು ಆಮ್ಲಜನಕ ಹೊರಬಲ್ಲದು, ಸ್ನಾಯು ಎಷ್ಟನ್ನು ಉರಿಸಬಲ್ಲದು, ಇವೆಲ್ಲ ಸೇರಿ ಆ ಛಾವಣಿ ನಿರ್ಧಾರವಾಗುತ್ತದೆ. 1923ರಲ್ಲಿ ಹಿಲ್ ಮತ್ತು ಲಪ್ಟನ್ ಇದನ್ನು ಪ್ರಕಟಿಸಿದರು. ಸ್ನಾಯುವಿನ ಶಾಖದ ಮೇಲಿನ ಕೆಲಸಕ್ಕೆ ಹಿಲ್ ಅವರಿಗೆ 1922ರ ನೊಬೆಲ್ ಕೂಡ ಬಂದಿತ್ತು. ಇದೇ ಹಿಲ್ 1943–44ರಲ್ಲಿ ಭಾರತಕ್ಕೆ ಬಂದು ಇಲ್ಲಿನ ವಿಜ್ಞಾನ ಸಂಸ್ಥೆಗಳನ್ನೆಲ್ಲ ಸುತ್ತಿ ಸರ್ಕಾರಕ್ಕೆ ವರದಿ ಕೊಟ್ಟವರು.

ಕೂನೂರಿನಲ್ಲಿ ಊಟಕ್ಕೊಂದು ತಕ್ಕಡಿ, ಮ್ಯಾಂಚೆಸ್ಟರ್‌ನಲ್ಲಿ ಉಸಿರಿಗೊಂದು ಚೀಲ. ಎರಡೂ ಒಳ್ಳೆಯ ಅಳತೆಗಳೇ. ಮುಂದಿನ ಹಲವು ದಶಕ ಎರಡನ್ನೂ ವಿಜ್ಞಾನಿಗಳು ಮುಖ್ಯವಾಗಿ ಗುಂಪಿಗೆ ಗುಂಪು ಹೋಲಿಸಲು ಬಳಸಿದರು. ತರಬೇತಿ ಪಡೆದವರು ಮತ್ತು ಪಡೆಯದವರು, ಗಂಡು ಮತ್ತು ಹೆಣ್ಣು, ಹಲ್ಲಿ ಮತ್ತು ಇಲಿ.

1987ರಲ್ಲಿ ಅಮೆರಿಕದ ಶರೀರವಿಜ್ಞಾನಿ ಆಲ್ಬರ್ಟ್ ಬೆನೆಟ್ ಒಂದು ಲೇಖನ ಬರೆದು ತಮ್ಮ ವೃತ್ತಿಬಾಂಧವರನ್ನು ಸ್ವಲ್ಪ ಕುಟುಕಿದರು. ನಾವು ಹತ್ತು ಪ್ರಾಣಿ ಅಳೆದು ಸರಾಸರಿಯನ್ನು ಸತ್ಯ ಎನ್ನುತ್ತೇವೆ, ಉಳಿದದ್ದನ್ನು ಗದ್ದಲ ಎಂದು ಪಕ್ಕಕ್ಕೆ ಸರಿಸುತ್ತೇವೆ. ಆದರೆ ಪ್ರಕೃತಿ ಆಯ್ಕೆ ಮಾಡುವುದು ಸರಾಸರಿಯನ್ನಲ್ಲ, ಒಂದೊಂದು ಪ್ರಾಣಿಯನ್ನು. ಆ ವ್ಯತ್ಯಾಸವೇ ನಮಗೆ ಸಿಕ್ಕಿರುವ, ನಾವು ಬಳಸದೆ ಬಿಟ್ಟಿರುವ ಸಂಪತ್ತು. ಇದು ಅವರ ವಾದದ ಸಾರ.

ಸಾಫ್ಟ್‌ವೇರ್‌ನವರಿಗೆ ಇದನ್ನು ವಿವರಿಸುವುದು ಸುಲಭ. ಸರ್ವರ್‌ನ ಸರಾಸರಿ ರೆಸ್ಪಾನ್ಸ್ ಟೈಮ್ 200 ಮಿಲಿಸೆಕೆಂಡ್ ಎಂದು ಯಾರಾದರೂ ಹೇಳಿದರೆ ನಾವು ಸುಮ್ಮನಾಗುವುದಿಲ್ಲ. 99ನೇ ಪರ್ಸೆಂಟೈಲ್ ಎಷ್ಟು ಎಂದು ಕೇಳುತ್ತೇವೆ. ಹತ್ತು ಸೆಕೆಂಡ್ ಕಾಯುತ್ತಾ ಕೂತ ಗ್ರಾಹಕ ಸರಾಸರಿಯೊಳಗೆ ಮುಚ್ಚಿಹೋಗಿರುತ್ತಾನೆ ಎಂದು ನಮಗೆ ಗೊತ್ತು. ಯಂತ್ರದ ವಿಷಯದಲ್ಲಿ ಇಷ್ಟು ಹುಷಾರಾಗಿರುವ ನಾವು ಮನುಷ್ಯರ ವಿಷಯಕ್ಕೆ ಬಂದಾಗ ಸರಾಸರಿಗೇ ನಮಸ್ಕಾರ ಹಾಕುತ್ತೇವೆ.

ಬೆನೆಟ್ ಹೇಳಿದ್ದನ್ನು ಮಾಡಿ ನೋಡಲು ಒಂದು ಪೂರ್ವಸಿದ್ಧತೆ ಬೇಕು. ಒಂದು ಇಲಿ ಇವತ್ತು ಹೆಚ್ಚು ಓಡಿತು ಎಂದರೆ ಅದು ಒಳ್ಳೆಯ ಓಟಗಾರ ಎಂದೇನೂ ಆಗಲಿಲ್ಲ. ನಿನ್ನೆ ಸರಿಯಾಗಿ ನಿದ್ದೆ ಮಾಡಿರಬಹುದು. ಆದ್ದರಿಂದ ಅದೇ ಇಲಿಯನ್ನು ಮತ್ತೆ ಮತ್ತೆ ಅಳೆಯಬೇಕು. ಮೊದಲ ಸಲ ಮುಂದಿದ್ದವು ಎರಡನೆಯ ಸಲವೂ ಮುಂದಿದ್ದರೆ ಮಾತ್ರ ಅದು ಆ ಇಲಿಯ ಗುಣ, ಇಲ್ಲದಿದ್ದರೆ ಆ ದಿನದ ಗುಣ.

ಅಳೆಯುವ ದಾರಿಗಳು ಎರಡು. ಒಂದು, ಮುಚ್ಚಿದ ಪೆಟ್ಟಿಗೆಯೊಳಗಿನ ಟ್ರೆಡ್‌ಮಿಲ್. ಒಳಹೋಗುವ ಗಾಳಿಯಲ್ಲಿ ಎಷ್ಟು ಆಮ್ಲಜನಕ ಇತ್ತು, ಹೊರಬರುವ ಗಾಳಿಯಲ್ಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುತ್ತಾ, ವೇಗ ಏರಿಸುತ್ತಾ ಹೋಗುವುದು. ಹಿಂದೆ ಬಿದ್ದರೆ ಸಣ್ಣದೊಂದು ವಿದ್ಯುತ್ ಚುರುಕು. (ಡೆಡ್‌ಲೈನ್ ಗೊತ್ತಿರುವವರಿಗೆ ಹೆಚ್ಚಿನ ವಿವರಣೆ ಬೇಡ.) ಇನ್ನೊಂದು, ಪಂಜರಕ್ಕೆ ತಿರುಗುವ ಚಕ್ರ ಜೋಡಿಸಿ ಇಲಿ ತಾನಾಗಿ ಎಷ್ಟು ಸುತ್ತು ಓಡುತ್ತದೆ ಎಂದು ಎಣಿಸುವುದು. ಮೊದಲನೆಯದು ಇಲಿ ಎಷ್ಟು ಓಡಬಲ್ಲದು ಎಂದು ಹೇಳುತ್ತದೆ. ಎರಡನೆಯದು ಎಷ್ಟು ಓಡಲು ಬಯಸುತ್ತದೆ ಎಂದು ಹೇಳುತ್ತದೆ. ಎರಡೂ ಒಂದೇ ಅಲ್ಲ.

ಚಕ್ರದ ಓಟ ಪಂಜರದ ಬೇಸರಕ್ಕೆ ಹುಟ್ಟಿದ ಹುಚ್ಚು ಎಂದು ಹೇಳುವವರಿದ್ದರು. 2014ರಲ್ಲಿ ನೆದರ್‌ಲ್ಯಾಂಡ್ಸ್‌ನ ಯೋಹಾನಾ ಮೈಯರ್ ಮತ್ತು ಯೂರಿ ರಾಬರ್ಸ್ ಇಂಥ ಚಕ್ರಗಳನ್ನು ಬಯಲಲ್ಲಿ, ಮರಳದಿಬ್ಬಗಳ ನಡುವೆ ಇಟ್ಟು ನೋಡಿದ್ದನ್ನು ಪ್ರಕಟಿಸಿದರು. ಕಾಡಿಲಿಗಳು ತಾವಾಗಿ ಬಂದು ಚಕ್ರ ಹತ್ತಿ ಓಡಿ ಇಳಿದು ಹೋದವು. ಕಪ್ಪೆಗಳೂ ಬಂದವು.

ಮೌಸ್, ರ‍್ಯಾಟ್ ಎರಡನ್ನೂ ನಾವು ಇಲಿ ಎಂದೇ ಕರೆಯುತ್ತೇವೆ. ಮುಂದೆ ಗೊಂದಲವಾಗಬಾರದೆಂದು ಚಿಕ್ಕದನ್ನು ಚಿಟ್ಟಿಲಿ ಎನ್ನುತ್ತೇನೆ.

1993ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಥಿಯೋಡರ್ ಗಾರ್ಲಂಡ್ ಚಿಟ್ಟಿಲಿಗಳ ಎಂಟು ವಂಶಸಾಲುಗಳನ್ನು ಬೆಳೆಸತೊಡಗಿದರು. ಪ್ರತಿ ತಲೆಮಾರಿನ ಇಲಿಗಳಿಗೆ ಆರು ದಿನ ಚಕ್ರ ಕೊಡುವುದು, ಕೊನೆಯ ಎರಡು ದಿನದ ಸುತ್ತುಗಳನ್ನು ಎಣಿಸುವುದು. ನಾಲ್ಕು ಸಾಲುಗಳಲ್ಲಿ ಹೆಚ್ಚು ಓಡಿದವನ್ನು ಆರಿಸಿ ಮರಿ ಮಾಡಿಸಿದರು. ಉಳಿದ ನಾಲ್ಕರಲ್ಲಿ ಯಾವ ಆಯ್ಕೆಯೂ ಇಲ್ಲ, ಸುಮ್ಮನೆ ಚೀಟಿ ಎತ್ತಿದಂತೆ. ಇಪ್ಪತ್ತು ತಲೆಮಾರಿನೊಳಗೆ ಓಟದ ಸಾಲಿನ ಚಿಟ್ಟಿಲಿಗಳು ಉಳಿದವಕ್ಕಿಂತ ದಿನಕ್ಕೆ ಎರಡೂವರೆ, ಮೂರು ಪಟ್ಟು ಹೆಚ್ಚು ಸುತ್ತು ಓಡುತ್ತಿದ್ದವು. ವಿಓ2 ಮ್ಯಾಕ್ಸ್ ಕೂಡ ಏರಿತ್ತು. ಆದರೆ ಬದಲಾಗಿದ್ದು ಹೃದಯ, ಕಾಲು ಮಾತ್ರವಲ್ಲ. ಮೆದುಳಿನಲ್ಲಿ ಬಯಕೆ ಮತ್ತು ಸಂತೋಷವನ್ನು ನಡೆಸುವ ಡೋಪಮೈನ್ ವ್ಯವಸ್ಥೆಯೂ ಬೇರೆಯಾಗಿತ್ತು. ಓಡುವ ಶಕ್ತಿಯಂತೆ ಓಡುವ ಆಸೆಯೂ ವಂಶದಲ್ಲಿ ಬರುತ್ತದೆ ಎಂದಾಯಿತು.

ನನಗೆ ಇನ್ನೂ ಹೆಚ್ಚು ಹಿಡಿಸಿದ ಸಂಗತಿ ಬೇರೆ. ನಾಲ್ಕು ಸಾಲುಗಳಿಗೂ ಗುರಿ ಒಂದೇ ಇತ್ತು, ಅವು ಮುಟ್ಟಿದ ಎತ್ತರವೂ ಹೆಚ್ಚುಕಡಿಮೆ ಒಂದೇ. ಮೈಯೊಳಗೆ ಹಿಡಿದ ದಾರಿ ಮಾತ್ರ ಬೇರೆ ಬೇರೆ. ಎರಡು ಸಾಲುಗಳಲ್ಲಿ ಹಿಂಗಾಲಿನ ಸ್ನಾಯು ಗಾತ್ರದಲ್ಲಿ ಅರ್ಧಕ್ಕೆ ಇಳಿದ ಇಲಿಗಳು ಕಾಣಿಸಿಕೊಂಡವು. ಸಣ್ಣ ಸ್ನಾಯು, ಆದರೆ ಆಮ್ಲಜನಕ ಉರಿಸುವುದರಲ್ಲಿ ಗಟ್ಟಿಗ. ಉಳಿದ ಸಾಲುಗಳಲ್ಲಿ ಇದು ಇಲ್ಲ. ಒಳ್ಳೆಯ ಓಟಗಾರನ ಮೈ ಹೀಗೇ ಇರಬೇಕು ಎಂಬ ನಿಯಮ ಚಿಟ್ಟಿಲಿಗಳಲ್ಲೇ ನಿಲ್ಲಲಿಲ್ಲ.

ಅದೇ ವರ್ಷಗಳಲ್ಲಿ ಲಾರೆನ್ ಕೋಕ್ ಮತ್ತು ಸ್ಟೀವನ್ ಬ್ರಿಟನ್ ಎಂಬ ಇನ್ನಿಬ್ಬರು ಇಲಿಗಳ ಮೇಲೆ ಟ್ರೆಡ್‌ಮಿಲ್ ದಾರಿ ಹಿಡಿದರು. ಯಾವ ತರಬೇತಿಯೂ ಇಲ್ಲದ ಇಲಿ ಸುಸ್ತಾಗಿ ನಿಲ್ಲುವವರೆಗೆ ಎಷ್ಟು ದೂರ ಓಡುತ್ತದೆ ಎಂದು ಅಳೆದು, ಹೆಚ್ಚು ಓಡಿದವನ್ನು ಒಂದು ಸಾಲಾಗಿ, ಕಡಿಮೆ ಓಡಿದವನ್ನು ಇನ್ನೊಂದು ಸಾಲಾಗಿ ಬೆಳೆಸಿದರು. ಆರೇ ತಲೆಮಾರಿನಲ್ಲಿ ಎರಡು ಸಾಲುಗಳ ನಡುವೆ 171 ಪ್ರತಿಶತ ಅಂತರ ಬಂತು. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಓಡುವ ಸಾಲಿನ ಇಲಿಗಳಿಗೆ ರಕ್ತದೊತ್ತಡ, ಹೊಟ್ಟೆಯ ಕೊಬ್ಬು, ಇನ್ಸುಲಿನ್‌ಗೆ ಸ್ಪಂದಿಸದ ಮೈ ಇರುವುದು ಕಂಡಿತು. ಅವುಗಳ ಆಯಸ್ಸು 28ರಿಂದ 45 ಪ್ರತಿಶತ ಕಡಿಮೆ ಎಂದು 2011ರಲ್ಲಿ ಗೊತ್ತಾಯಿತು. ಯಾರೂ ಅವುಗಳನ್ನು ರೋಗಕ್ಕಾಗಿ ಆರಿಸಿರಲಿಲ್ಲ. ಆಹಾರ ಎರಡು ಸಾಲಿಗೂ ಒಂದೇ.

ಹೀಗೆ ದೂರದ ದೇಶದಲ್ಲಿ ಓಟದ ಇಲಿಗಳು ಬೆಳೆಯುತ್ತಿದ್ದ ದಶಕದಲ್ಲೇ ನಮ್ಮ ತಾರ್ನಾಕದ ಪಂಜರದಲ್ಲೂ ಒಂದು ಇಲಿ ಸರಾಸರಿಯನ್ನು ಒಪ್ಪದೆ ನಿಂತಿತು. ಕೂನೂರಿನ ಕಾಲದಿಂದ ಒಳಗೊಳಗೇ ಕೂಡಿಸುತ್ತಾ ಬೆಳೆಸಿಕೊಂಡು ಬಂದ ವಿಸ್ಟಾರ್ ಇಲಿಗಳ ಬಳಗ ಎನ್‌ಐಎನ್‌ನಲ್ಲಿತ್ತು. ಇಂಥ ಬಳಗ ಕಾಪಾಡುವ ಉದ್ದೇಶವೇ ಎಲ್ಲ ಇಲಿಗಳೂ ಆದಷ್ಟು ಒಂದೇ ಥರ ಇರಲಿ ಎಂಬುದು. ಆ ಬಳಗದಲ್ಲಿ ತಾನಾಗಿ ಒಂದು ಮಾರ್ಪಾಡು ಹುಟ್ಟಿ, ಒಡಹುಟ್ಟಿದವರಿಗಿಂತ ವಿಪರೀತ ದಪ್ಪವಾಗುವ ಇಲಿಗಳು ಕಾಣಿಸಿಕೊಂಡವು. ಎನ್.ವಿ. ಗಿರಿಧರನ್ ಮತ್ತು ಸಂಗಡಿಗರು ಅವುಗಳಿಂದ ಹೊಸ ಸಾಲು ನಿಲ್ಲಿಸಿ 1996ರಲ್ಲಿ ವರದಿ ಮಾಡಿದರು. ದಪ್ಪಗಾದ ಇಲಿಗಳಿಗೆ ಮರಿಯಾಗುವುದಿಲ್ಲ. ಆದ್ದರಿಂದ ನೋಡಲು ಮಾಮೂಲಾಗಿದ್ದು ಒಳಗೆ ಆ ಜೀನ್ ಹೊತ್ತ ಅಪ್ಪ ಅಮ್ಮಂದಿರಿಂದಲೇ ಸಾಲು ಮುಂದುವರಿಯಬೇಕು. ಅಂಥ ಜೋಡಿಗೆ ಹುಟ್ಟುವ ನಾಲ್ಕು ಮರಿಗಳಲ್ಲಿ ಲೆಕ್ಕದ ಪ್ರಕಾರ ಒಂದು ತೆಳ್ಳಗೆ, ಎರಡು ಜೀನ್ ಹೊತ್ತವು, ಒಂದು ದಪ್ಪ. ಅದೇ ತಾಯಿ, ಅದೇ ಪಂಜರ, ಅದೇ ಆಹಾರ.

ಈಗ ಎರಡು ಪ್ರಯೋಗಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಸಂಸ್ಥೆ, ನಡುವೆ ಎಪ್ಪತ್ತು ವರ್ಷ. ಕೂನೂರಿನಲ್ಲಿ ಇಲಿ ಒಂದೇ, ಊಟ ಬೇರೆ. ಫಲ ಬೇರೆಯಾಯಿತು. ತಾರ್ನಾಕದಲ್ಲಿ ಊಟ ಒಂದೇ, ಇಲಿ ಬೇರೆ. ಆಗಲೂ ಫಲ ಬೇರೆಯಾಯಿತು. ಮೊದಲನೆಯದನ್ನು ಮಾತ್ರ ನಂಬಿದವರು ‘ಸರಿಯಾಗಿ ಉಂಡರೆ, ಸರಿಯಾಗಿ ದುಡಿದರೆ ಎಲ್ಲರೂ ಸಿಖ್ಖರಾಗಬಹುದು’ ಎನ್ನುತ್ತಾರೆ. ಎರಡನೆಯದನ್ನು ಮಾತ್ರ ನಂಬಿದವರು ‘ಹಣೆಬರಹ’ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟದ ಕೆಲಸ.

ಮನುಷ್ಯರಲ್ಲಿ ಆ ಕಷ್ಟ ಎಷ್ಟೆಂದು ತೋರಿಸಿದ್ದು ಹೆರಿಟೇಜ್ ಫ್ಯಾಮಿಲಿ ಸ್ಟಡಿ. ಕ್ಲೋಡ್ ಬುಶಾರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಭಾಗದಲ್ಲಿ 98 ಕುಟುಂಬಗಳ 481 ಜನ ಇದ್ದರು, ಎಲ್ಲರೂ ಅದುವರೆಗೆ ಕೂತೇ ಕಾಲ ಕಳೆದವರು. ಎಲ್ಲರಿಗೂ 20 ವಾರ ಒಂದೇ ಬಗೆಯ ಸೈಕಲ್ ತರಬೇತಿ, ಪ್ರಯೋಗಶಾಲೆಯಲ್ಲೇ, ಕಣ್ಣೆದುರಿಗೇ. ಕೊನೆಗೆ ವಿಓ2 ಮ್ಯಾಕ್ಸ್ ನಿಮಿಷಕ್ಕೆ ಸರಾಸರಿ 400 ಮಿಲಿಲೀಟರ್ ಏರಿತು. ಆದರೆ ಕೆಲವರಿಗೆ ಒಂದು ಲೀಟರ್‌ಗಿಂತ ಹೆಚ್ಚು ಏರಿತು, ಕೆಲವರಿಗೆ ಏನೂ ಏರಲಿಲ್ಲ. ಏರಿಕೆಯ ವ್ಯತ್ಯಾಸ ಒಂದು ಕುಟುಂಬದ ಒಳಗೆ ಕಡಿಮೆ, ಕುಟುಂಬ ಕುಟುಂಬಗಳ ನಡುವೆ ಅದರ ಎರಡೂವರೆ ಪಟ್ಟು. ಅಂದರೆ ಈಗ ಎಷ್ಟು ಓಡಬಲ್ಲೆವು ಎಂಬುದರ ಜೊತೆಗೆ, ಅಭ್ಯಾಸ ಮಾಡಿದರೆ ಎಷ್ಟು ಸುಧಾರಿಸುತ್ತೇವೆ ಎಂಬುದೂ ಭಾಗಶಃ ಮನೆತನದಿಂದ ಬರುತ್ತದೆ.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. ನಾಚಾರಂನಲ್ಲಿ ನಾವು ಎಂಟು–ಹತ್ತು ಜನ, ಹೆಚ್ಚಿನವರು ಐಟಿಯವರು, ಕನ್ನಡಿಗರು, ತೆಲುಗಿನವರು, ಒಬ್ಬ ಒಡಿಯಾ ಗೆಳೆಯ, ಒಂದು ವರ್ಷ ಆಗಸ್ಟ್‌ನ ಹೈದರಾಬಾದ್ ಮ್ಯಾರಥಾನ್‌ನ ಹತ್ತು ಕಿಲೋಮೀಟರ್ ಓಟಕ್ಕೆ ತಯಾರಾದೆವು. ಉಸ್ಮಾನಿಯಾ ಆವರಣದ ಮರಗಳ ರಸ್ತೆಯಲ್ಲಿ ಬೆಳಗ್ಗೆ ಐದೂವರೆಗೆ ಓಟ. ಎಲ್ಲರಿಗೂ ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಒಂದೇ 16 ವಾರದ ಪಟ್ಟಿ. ಕೊನೆಯಲ್ಲಿ ಒಬ್ಬರ ಸಮಯ ಹನ್ನೆರಡು ನಿಮಿಷ ಇಳಿದಿತ್ತು. ಧಾರವಾಡ ಕಡೆಯ ಒಬ್ಬರಿಗೆ ಒಂದು ನಿಮಿಷವೂ ಇಳಿದಿರಲಿಲ್ಲ. ಅವರು ಒಂದು ದಿನವೂ ತಪ್ಪಿಸಿದವರಲ್ಲ. ಆದರೂ ಗುಂಪಿನಲ್ಲಿ ಮಾತು ಒಂದೇ. ‘ಸರ್, ನೀವು ಸೀರಿಯಸ್ಸಾಗಿ ಮಾಡ್ಲಿಲ್ಲ ಬಿಡ್ರಿ.’ ಅವರು ನಗುತ್ತಲೇ ಕೇಳಿಸಿಕೊಂಡರು. ಮುಂದಿನ ತಿಂಗಳಿಂದ ಬರುವುದು ನಿಲ್ಲಿಸಿದರು.

ಆ ಒಂದು ಮಾತಿನೊಳಗೆ ಕೂನೂರಿನ ಪಟ್ಟಿಯ ತರ್ಕವೇ ಇದೆ. ಪಟ್ಟಿ ಒಂದೇ, ಆದ್ದರಿಂದ ಫಲವೂ ಒಂದೇ ಆಗಬೇಕು. ಆಗದಿದ್ದರೆ ತಪ್ಪು ಓಡಿದವನದು. ಹೆರಿಟೇಜ್‌ನಲ್ಲಿ ಏನೂ ಏರದವರು ಪ್ರತಿ ಸಲವೂ ಬೇರೆಯವರ ಕಣ್ಣೆದುರಿಗೇ ಪೆಡಲ್ ತುಳಿದವರು. ಅವರನ್ನು ಸೋಮಾರಿ ಎನ್ನಲು ದಾರಿಯೇ ಇಲ್ಲ.

ಹಾಗಾದರೆ ಅವರು ಸುಧಾರಿಸದ ಜಾತಿಯವರೇ? ಇಲ್ಲೂ ಅವಸರ ಮಾಡುವಂತಿಲ್ಲ. ಹೆರಿಟೇಜ್ ನಂತರ ‘ನಾನ್‌ ರೆಸ್ಪಾಂಡರ್’ ಎಂಬ ಹೊಸ ಹಣೆಪಟ್ಟಿ ಹುಟ್ಟಿಕೊಂಡಿತು. ಅದರ ಮೇಲೂ ತಕರಾರುಗಳು ಬಂದವು. ಅಳತೆಯೇ ದಿನದಿಂದ ದಿನಕ್ಕೆ ಏರುಪೇರಾಗುತ್ತದೆ, ಮೊದಲಿಗೊಮ್ಮೆ ಕೊನೆಗೊಮ್ಮೆ ಅಳೆದರೆ ಆ ಏರುಪೇರನ್ನೇ ಮನುಷ್ಯನ ಗುಣ ಎಂದು ತಿಳಿಯುವ ಅಪಾಯ ಇದೆ. ಚಿಟ್ಟಿಲಿಯನ್ನು ಮತ್ತೆ ಮತ್ತೆ ಅಳೆಯಬೇಕೆಂದ ನಿಯಮ ಮನುಷ್ಯನಿಗೂ ಅನ್ವಯಿಸಬೇಕಲ್ಲ. 2017ರಲ್ಲಿ ಡೇವಿಡ್ ಮೊಂಟೆರೊ ಮತ್ತು ಕಾರ್ಸ್ಟನ್ ಲುಂಡ್‌ಬಿ ಇನ್ನೊಂದು ಸಂಗತಿ ತೋರಿಸಿದರು. 78 ಜನರಿಗೆ ವಾರಕ್ಕೆ ಒಂದರಿಂದ ಐದು ಗಂಟೆವರೆಗೆ ಬೇರೆ ಬೇರೆ ಪ್ರಮಾಣದ ತರಬೇತಿ ಕೊಟ್ಟರು. ಸುಧಾರಿಸದವರಿಗೆ ಎರಡನೆಯ ಸುತ್ತಿನಲ್ಲಿ ವಾರಕ್ಕೆ ಇನ್ನೆರಡು ಗಂಟೆ ಸೇರಿಸಿದಾಗ ಎಲ್ಲರೂ ಸುಧಾರಿಸಿದರು. ಒಂದು ಪ್ರಮಾಣಕ್ಕೆ ಸ್ಪಂದಿಸದವರು ಇದ್ದಾರೆ, ಯಾವುದಕ್ಕೂ ಸ್ಪಂದಿಸದವರು ಅಲ್ಲಿ ಸಿಗಲಿಲ್ಲ. ಸುಧಾರಣೆಯನ್ನು ಅಳೆಯಲು ವಿಓ2 ಮ್ಯಾಕ್ಸ್ ಒಂದೇ ಮಾಪಕವೂ ಅಲ್ಲ. ಅದು ಏರದವರಲ್ಲೂ ರಕ್ತದೊತ್ತಡ, ಸಕ್ಕರೆ, ನಿದ್ದೆ ಸುಧಾರಿಸಬಹುದು.

ಇಲ್ಲಿಗೆ ಬಂದಾಗ ನನಗೆ ನಮ್ಮ ವೃತ್ತಿಯ ಅಪ್ರೈಸಲ್ ನೆನಪಾಗುತ್ತದೆ. ಒಂದೇ ತರಬೇತಿ, ಒಂದೇ ಪ್ರಾಜೆಕ್ಟ್, ಒಂದೇ ಅವಧಿ, ಆಮೇಲೆ ಬೆಲ್ ಕರ್ವ್. ಎಡಗಡೆಯ ಬಾಲದಲ್ಲಿ ಬಿದ್ದವರಿಗೆ ಒಂದು ಹೆಸರು. ವರ್ಷಕ್ಕೆ ಒಂದು ಸಲ ತೆಗೆದ ಅಳತೆಯನ್ನು ಆ ವ್ಯಕ್ತಿಯ ಗುಣ ಎಂದು ಬರೆದಿಡುತ್ತೇವೆ. ಆ ಅಳತೆಯಲ್ಲಿ ಎಷ್ಟು ಭಾಗ ಆ ವರ್ಷದ ಗುಣ, ಎಷ್ಟು ಭಾಗ ಆ ಗ್ರಾಹಕನ ಗುಣ ಎಂದು ಕೇಳುವುದಿಲ್ಲ. ಟ್ರೆಡ್‌ಮಿಲ್‌ನಲ್ಲಿ ಕಡಿಮೆ ಬಂದವನನ್ನು ಚಕ್ರಕ್ಕೆ ಬಿಟ್ಟು ನೋಡುವುದಂತೂ ಇಲ್ಲವೇ ಇಲ್ಲ. ಗಾರ್ಲಂಡ್‌ರ ನಾಲ್ಕು ಸಾಲುಗಳು ನಾಲ್ಕು ದಾರಿಯಲ್ಲಿ ಒಂದೇ ಗುರಿ ಮುಟ್ಟಿದವು. ನಾವು ಗುರಿಯ ಜೊತೆಗೆ ದಾರಿಯನ್ನೂ ಟೆಂಪ್ಲೇಟ್ ಮಾಡಿ ಕೊಡುತ್ತೇವೆ.

ಐದು ಬೆರಳೂ ಸಮ ಇರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದರೆ ಆ ಮಾತನ್ನು ಹೆಚ್ಚಾಗಿ ಸಮಾಧಾನಕ್ಕೆ ಬಳಸುತ್ತೇವೆ, ಮಗುವಿಗೆ ಅಂಕ ಕಡಿಮೆ ಬಂದಾಗ, ತಮ್ಮ ಊರಲ್ಲೇ ಉಳಿದುಹೋದಾಗ. ಓಡುವ ಇಲಿಗಳ ಇತಿಹಾಸ ಅದನ್ನೇ ಕೆಲಸದ ಮಾತಾಗಿ ಮಾಡುತ್ತದೆ. ಬೆರಳುಗಳು ಸಮ ಇಲ್ಲದಿದ್ದರೆ ಒಂದೇ ಉಂಗುರ ಮಾಡಿಸಬೇಡ, ಮೊದಲು ಅಳತೆ ತೆಗೆ, ಎರಡು ಸಲ ತೆಗೆ.

ಹಾಗೆಂದು ಸರಾಸರಿಯನ್ನು ಬಿಸಾಡುವ ಹಾಗೂ ಇಲ್ಲ. ಮೆಕ್‌ಕ್ಯಾರಿಸನ್‌ರ ಸರಾಸರಿ ಇಲ್ಲದಿದ್ದರೆ ಪಾಲಿಶ್ ಅಕ್ಕಿಯ ದೋಷವನ್ನು ದಕ್ಷಿಣದವರ ರಕ್ತದ ದೋಷ ಎಂದೇ ನಂಬಿಕೊಂಡು ಇನ್ನಷ್ಟು ಕಾಲ ಕಳೆಯುತ್ತಿದ್ದೆವು. ಒಂದು ಊರಿಗೆ ನೀರು, ಒಂದು ಶಾಲೆಗೆ ಬಿಸಿಯೂಟ ಯೋಜಿಸುವವರಿಗೆ ಸರಾಸರಿ ಬೇಕೇ ಬೇಕು. ತಟ್ಟೆ ಬದಲಿಸಲು ಅದು ಒಳ್ಳೆಯ ಉಪಕರಣ. ತಟ್ಟೆಯ ಮುಂದೆ ಕೂತವನನ್ನು ಅಳೆಯಲು ಅದು ಸಾಲದು.

ನಿಮ್ಮ ಕೈಗಡಿಯಾರ ಇವತ್ತು ವಿಓ2 ಮ್ಯಾಕ್ಸ್ 33 ಎಂದು ತೋರಿಸಿ, ಕೆಳಗೆ ‘ಕಡಿಮೆ’ ಎಂದು ಕೆಂಪಕ್ಷರದಲ್ಲಿ ಬರೆದಿರಬಹುದು. ಅದು ನಿಮ್ಮ ಉಸಿರನ್ನು ಅಳೆದಿಲ್ಲ. ಎದೆಬಡಿತ ಮತ್ತು ವೇಗದಿಂದ ಅಂದಾಜು ಮಾಡಿ, ನಿಮ್ಮ ವಯಸ್ಸಿನ ಗುಂಪಿನ ಸರಾಸರಿಯ ಪಕ್ಕ ಇಟ್ಟು ನೋಡಿದೆ, ಅಷ್ಟೆ. ಕೂನೂರಿನಲ್ಲಿ ಪಂಜರಕ್ಕೆ ಅಂಟಿಸಿದ ಚೀಟಿ ಮಾಡಿದ್ದೂ ಇದೇ ಕೆಲಸ. ನೋಡಬೇಕಾದ್ದು ಮೂರು ತಿಂಗಳ ಹಿಂದೆ ನಿಮ್ಮದೇ ಅಂಕಿ ಎಷ್ಟಿತ್ತು ಎಂದು. ಏರಿಲ್ಲವೇ? ವಾರಕ್ಕೆ ಇನ್ನೊಂದು ದಿನ ಸೇರಿಸಿ ನೋಡಿ, ಅಥವಾ ಟ್ರೆಡ್‌ಮಿಲ್ ಬಿಟ್ಟು ನಿಮಗೆ ಖುಷಿ ಕೊಡುವ ಬೇರೆ ಚಕ್ರ ಹುಡುಕಿ. ನಿಮ್ಮ ಪಕ್ಕದಲ್ಲಿ ಓಡುವವರ ಅಂಕಿ ಏರದಿದ್ದರೆ, ಅವರು ಸೀರಿಯಸ್ಸಾಗಿ ಮಾಡಲಿಲ್ಲ ಎಂದು ಹೇಳುವ ಮೊದಲು ಒಂದು ಕ್ಷಣ ತಡೆಯಿರಿ.